ಅಲೆ ಬಂದಾಗ ಅವನು ನೋಡುತ್ತಿದ್ದದ್ದು

"ಏಯ್! ಎದ್ದೇಳ್ರೀ! ಎದ್ದೇಳ್ರೀ ಅಲ್ಲಿಂದ!"

ಯಾರೋ ಗಂಡಸು ಅರಚಿದ.

ಒದ್ದೆ ಮರಳಿನ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು ಫೋಟೋ ತೆಗೆಯುತ್ತಿದ್ದ ಅಂಬಿಕಳ ಮೈಯೆಲ್ಲ ಉರಿದುಹೋಯಿತು. ಅಲೆಯ ಹಿಂದೆ ಮುಂದೆ ಓಡಾಡುತ್ತಿದ್ದ ಪುಟ್ಟ ಬಿಳಿ ಹಕ್ಕಿಗಳೆಲ್ಲ ಪುರ್ರನೆ ಹಾರಿಹೋದವು.

"ಬುದ್ಧಿ ಐತಾ ನಿಮ್ಗೆ?" ಎಂದು ಅವಳು ತಿರುಗುವಷ್ಟರಲ್ಲಿ ದೊಡ್ಡ ಅಲೆಯೊಂದು ಮೇಲೆರಗಿತು. ಕ್ಯಾಮೆರಾ ಕೈತಪ್ಪಿ ನೀರಿಗೆ ಬಿತ್ತು. ಅರಚಿದವನೇ ಓಡಿಬಂದು ಒಂದು ಕೈಯಲ್ಲಿ ಅವಳನ್ನೂ ಇನ್ನೊಂದರಲ್ಲಿ ಕ್ಯಾಮೆರಾವನ್ನೂ ದಡಕ್ಕೆಳೆದ.

ಆ ಕೈ ಬೆಚ್ಚಗಿತ್ತು... ಅದೇ ಅವಳನ್ನು ಇನ್ನಷ್ಟು ಕೆರಳಿಸಿತು!

"ನೀವು ಕಿರುಚ್ದೇ ಇದ್ದಿದ್ರೆ ನಾನ್ಯಾಕೆ ತಿರುಗ್ತಿದ್ದೆ? ಕ್ಯಾಮೆರಾ ಯಾಕೆ ಬೀಳ್ತಿತ್ತು?"

"ಅಲೆ ಬತ್ತಿತ್ತು ಕಣ್ರೀ..."

"ಸಮುದ್ರದಾಗೆ ಅಲೆ ಬರ್ದೆ ಹಸು ಬತ್ತದಾ?"

ಅವನು ನಗಲಿಲ್ಲ. ತಲೆ ತಗ್ಗಿಸಿ ನಿಂತ. ಬೆಳಗಿನ ರೈಲಿಗೆ ಬಂದಿಳಿದು ಆಗಷ್ಟೇ ಗುಂಪನ್ನು ಸೇರಿಕೊಂಡಿದ್ದ ಅವನ ಹೆಸರು ಮುನೇಶ್. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಮೊಬೈಲು, ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟವನು.

ಹಕ್ಕಿ ನೋಡುವ ಹುಚ್ಚಿನ ಕೆಜಿಎಫ್ ಗೆಳೆಯರೆಲ್ಲ ಸೇರಿ ಚೆನ್ನೈ ಆಚೆಯ ಕಡಲ ದಡದಲ್ಲಿ ಟೆಂಟು ಹಾಕಿದ್ದರು. ಬಂಗಾರಪೇಟೆ ಪಕ್ಕದ ಹಳ್ಳಿಯ ಅಂಬಿಕಳಿಗೆ ಇದೇ ಮೊದಲ ಸಮುದ್ರ. ಇದಕ್ಕಾಗಿ ಅವಳು ಅಮ್ಮ ಮುನಿರತ್ನಮ್ಮನನ್ನು ವರ್ಷವಿಡೀ ಗೋಗರೆದಿದ್ದಳು.

"ಹಸು ಕರೆಯೋದು ಬಿಟ್ಟು ಹಕ್ಕಿ ನೋಡೋಕೆ ಓಗ್ತಾಳಂತೆ! ಒಂದ್ಸಲ ಓಗಿ ಬಾ. ಆಮೇಲೆ ಆ ಕ್ಯಾಮೆರಾ ಅಟ್ಟಕ್ಕೆ ಎಸಿ" ಎಂದಿದ್ದಳು ಅಮ್ಮ.

ಅಮ್ಮನ ಬಾಯಿ ಮುಚ್ಚಿಸುವಂಥ ಒಂದೇ ಒಂದು ಫೋಟೋ ಸಾಕಿತ್ತು. ಅದೂ ನೀರುಪಾಲಾಯಿತಲ್ಲ... ಯಾರೋ ಅಡ್ನಾಡಿಯಿಂದ!

ಗುಂಪಿನ ಹಿರಿಯಳು ಸುಮಲತಕ್ಕ ಕ್ಯಾಮೆರಾವನ್ನು ಮುನೇಶನ ಕೈಗಿತ್ತಳು. "ನೋಡಪ್ಪ, ಏನಾದ್ರೂ ಮಾಡು." ಅಂಬಿಕ ಮುಖ ತಿರುಗಿಸಿಕೊಂಡು ಟೆಂಟು ಸೇರಿದವಳು ಊರು ತಲುಪುವವರೆಗೂ ಅವನೊಡನೆ ಮಾತಾಡಲಿಲ್ಲ.

ಆಮೇಲೆ ತಿಂಗಳಾದರೂ ಅವನಿಂದ ಸುದ್ದಿಯೇ ಇಲ್ಲ. ಹಸು ಕರೆಯುವಾಗಲೂ, ಡೈರಿಗೆ ಹಾಲು ಹಾಕುವಾಗಲೂ ಅವಳಿಗೆ ಅದೇ ಸಿಟ್ಟು. 'ಒಂದು ಫೋನ್ ಮಾಡೋಕೆ ಏನು ಧಾಡಿ?' ಮರುಕ್ಷಣವೇ ನಾಚಿಕೆ. 'ನಾನು ಕಾಯ್ತಿರೋದು ಕ್ಯಾಮೆರಾಗಾ, ಅವನ ದನಿಗಾ?'

ಒಂದು ಸಂಜೆ ಗುಂಪಿನ ವಾಟ್ಸಾಪಿಗೆ ಮುನೇಶನಿಂದ ಫೋಟೋ ಬಂತು. ಒಂಟಿಕಾಲೆತ್ತಿ ನಿಂತ ಪುಟ್ಟ ಬಿಳಿ ಹಕ್ಕಿ, ಬೆನ್ನಹಿಂದೆ ಎದ್ದು ನಿಂತ ಅಲೆ... ಅದೇ ಜಾಗ! ಅದೇ ಬೆಳಕು!

"ಸೂಪರ್ ಮುನೇಶ್!" ಎಂದು ಗುಂಪಿನ ಗೆಳತಿ ಸೆಲ್ವಿ ಬರೆದಳು.

ಅಂಬಿಕಳ ಕಣ್ಣು ತುಂಬಿಬಂತು. 'ನನ್ನನ್ನು ಎಬ್ಬಿಸಿ ಓಡಿಸಿ, ಇವನು ತೆಗೆದುಕೊಂಡನಾ?' ತಕ್ಷಣ ಗುಂಪಿನಿಂದ ಹೊರಬಿದ್ದಳು. ಅವನ ನಂಬರನ್ನೂ ಬ್ಲಾಕ್ ಮಾಡಿದಳು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ನೇರ ಅವನ ಅಂಗಡಿಗೇ ನುಗ್ಗಿದಳು.

"ಕಳ್ಳ! ನನ್ ಕ್ಯಾಮೆರಾ ಕೊಡಿ!"

ಮುನೇಶ್ ಗಾಬರಿಯಿಂದ ಎದ್ದುನಿಂತ. ಮೇಜಿನ ಮೇಲೆ ಅವಳ ಕ್ಯಾಮೆರಾ ತುಂಡುತುಂಡಾಗಿ ಬಿಚ್ಚಿಕೊಂಡಿತ್ತು.

"ಬದುಕ್ಲಿಲ್ಲ ಕಣ್ರೀ... ಉಪ್ಪುನೀರು ಒಳಗೆಲ್ಲ ತಿಂದಾಕ್ಬಿಟ್ಟೈತೆ. ಸರಿ ಮಾಡೇ ಫೋನ್ ಮಾಡಾನ ಅಂತ ದಿನಾ ಕೂತ್ಕೊತಿದ್ದೆ. ಆಗ್ಲೇ ಇಲ್ಲ. ಯಾವ ಮುಖ ಇಟ್ಕೊಂಡು ಮಾಡ್ಲಿ? ನಿನ್ನೆ ಮೆಮೊರಿ ಕಾರ್ಡ್ ಮಾತ್ರ ಓಪನ್ ಆಯ್ತು."

"ಕಾರ್ಡಾ?"

"ಆ ಫೋಟೋ ನಿಮ್ದೇ. ಖುಷಿ ತಡೀಲಾರ್ದೆ ಗುಂಪಿಗೆ ಹಾಕ್ಬಿಟ್ಟೆ. 'ಅಂಬಿಕ ತೆಗ್ದಿದ್ದು' ಅಂತ ಟೈಪ್ ಮಾಡ್ತಾನೇ ಇದ್ದೆ, ಅಷ್ಟ್ರಲ್ಲಿ ನೀವು ಓಗ್ಬಿಟ್ರಿ. ಫೋನೂ ಓಗ್ತಿಲ್ಲ."

ಅಂಬಿಕ ಸ್ಟೂಲಿನ ಮೇಲೆ ಕುಳಿತಳು. ಅವತ್ತಿನ ಗಲಿಬಿಲಿಯಲ್ಲಿ ತಾನು ಬಟನ್ ಒತ್ತಿದ್ದೇ ಅವಳಿಗೆ ತಿಳಿದಿರಲಿಲ್ಲ. ಅವಳಿಗೆ ಅವಮಾನ, ಸಂತೋಷ ಎರಡೂ ಒಟ್ಟೊಟ್ಟಿಗೇ ಆದವು.

"ತಪ್ಪಾಯ್ತು... ನಾನು ಬಾಯಿಗೆ ಬಂದಂಗೆ ಅಂದ್ಬಿಟ್ಟೆ."

"ಬೈದ್ರೆ ಬೈರಿ. ಮಾತಾಡ್ದೇ ಇದ್ರೆ ತಡ್ಕೊಳೋಕಾಗಲ್ಲ."

ಅವಳು ತಲೆಯೆತ್ತಿದಳು. "ಅವತ್ತು ಎಲ್ರೂ ಹಕ್ಕಿ ನೋಡ್ತಿದ್ರಲ್ಲ... ಅಲೆ ಬರೋದು ನಿಮ್ಗೊಬ್ರಿಗೇ ಎಂಗೆ ಕಾಣಿಸ್ತು?"

ಅವನ ಕಿವಿ ಕೆಂಪಾಯಿತು.

"ನಾನು ಹಕ್ಕಿ ನೋಡ್ತಿರ್ಲಿಲ್ಲ."

ಹೊರಗೆ ಆಟೋಗಳ ಗದ್ದಲ. ತಿಂಗಳಿಂದ ಅವಳ ಎದೆಯಲ್ಲಿ ಕುದಿಯುತ್ತಿದ್ದದ್ದು ಸಿಟ್ಟು ಮಾತ್ರವಲ್ಲವೆಂದು ಅಂಬಿಕಳಿಗೆ ಈಗ ತಿಳಿಯಿತು.

"ಭಾನುವಾರ ಮನೆಗೆ ಬರ್ತೀರಾ?" ಎಂದಳು ಮೆಲ್ಲಗೆ. "ಅಮ್ಮಂಗೆ ಆ ಫೋಟೋ ನೀವೇ ತೋರ್ಸಿ."

"ತೋರ್ಸಿ... ಆಮೇಲೆ?"

"ಆಮೇಲೆ ನೀವು ಕೇಳ್ಬೇಕಾಗಿದ್ದು ಕೇಳಿ."

"ನಿಮ್ ಮಗಳು ಸಿಕ್ಕಾಪಟ್ಟೆ ಬೈತಾಳೆ, ಆದ್ರೂ ನಂಗೆ ಅವಳೇ ಬೇಕು ಅಂತ ಕೇಳ್ಲಾ?"

ಅಂಬಿಕಳ ಮುಖ ಅರಳಿತು. ಕಣ್ಣೊರೆಸಿಕೊಂಡಳು.

"ಅಂಗೇ ಕೇಳು, ಮುನೇಶ್."