ಹಿಮನದಿಗೆ ಹೊರಟ ಭಾವ

ಷಡಕ್ಷರಿ ಭಾವನಿಗೆ ತಲೆ ಕೆಟ್ಟಿದೆ ಎಂದು ಅಜ್ಜಂಪುರವೆಲ್ಲ ಆಡಿಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಮೊಳೆ ಹೊಡೆದ ದಪ್ಪ ಬೂಟು ಹಾಕಿ, ಗೋಣಿಚೀಲದಲ್ಲಿ ಕಲ್ಲು ತುಂಬಿ ಬೆನ್ನಿಗೆ ಕಟ್ಟಿಕೊಂಡು, ಶಿವನಿಯವರೆಗೆ ನಡೆದು ಬರುತ್ತಿದ್ದರು. ರೈಲು ಹೋಗುವ ಊರಿಗೆ ಕಲ್ಲು ಹೊತ್ತು ನಡೆಯುವವರನ್ನು ಯಾರು ಕಂಡಿದ್ದಾರೆ?

ಅವರು ನನ್ನ ಸೋದರತ್ತೆಯ ಮಗ. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದವರು, ಕಾಶ್ಮೀರದಾಚೆಯ ಹಿಮನದಿಗೆ ಹೊರಟಿದ್ದ ಇಂಗ್ಲಿಷ್ ದೊರೆಗಳ ತಂಡಕ್ಕೆ ಆಯ್ಕೆಯಾಗಿದ್ದರು. ಅಲ್ಲಿ ಮಂಜುಗಡ್ಡೆಯೇ ಹೊಳೆಯ ಹಾಗೆ ಬೆಟ್ಟದಿಂದ ಇಳಿಯುತ್ತದಂತೆ. ವರ್ಷಕ್ಕೆ ಎಷ್ಟು ಗಜ ಇಳಿಯಿತು ಎಂದು ಅಳೆಯುವುದು ಇವರ ಕೆಲಸ. ಹತ್ತು ತಿಂಗಳು. ಕಲ್ಲು ಹೊತ್ತು ನಡೆಯುವುದು ಅದಕ್ಕೇ ಅಭ್ಯಾಸ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀರೂರಿನವರು ನನ್ನನ್ನು ಸೊಸೆಯಾಗಿ ಕೇಳಿಕೊಂಡು ಬಂದಿದ್ದರು. ಭಾವ ಒಂದು ಮಾತು ಆಡಿದ್ದರೆ ಅಪ್ಪ ಅವರಿಗೆ ಆಗಲ್ಲ ಎಂದುಬಿಡುತ್ತಿದ್ದರು. ಭಾವ ಬಾಯಿ ಬಿಡಲಿಲ್ಲ.

ಆ ದಿನ ಅವರ ಪ್ರಯಾಣಕ್ಕೆಂದು ನಡುಮನೆಯಲ್ಲಿ ರಾಗಿ ಹುರಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಭಾವ ಎದುರಿಗೆ ಕೂತು, ತಂಡದವರು ಕಳಿಸಿದ್ದ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಅವರ ಮೂಗಿನ ತುದಿಗೆ ಹಿಟ್ಟು ಹತ್ತಿತ್ತು. ನಾನು ಹೇಳಲಿಲ್ಲ, ನೋಡುವುದಕ್ಕೆ ಚೆನ್ನಾಗಿತ್ತು.

"ಐದು, ಕಪ್ಪು ಕನ್ನಡಕ. ಆರು, ಉಣ್ಣೆ ಕೈಗವಸು. ಎಂಟು, ಸೂಜಿ ದಾರ."

"ಏಳು ಎಲ್ಲಿಗೆ ಹೋಯ್ತು ಭಾವ?"

"ಏನಿಲ್ಲ ಬಿಡೇ."

"ಹೇಳದಿದ್ರೆ ಹಿಟ್ಟಿಗೆ ಉಪ್ಪು ಸುರಿದ್ಬಿಡ್ತೀನಿ."

ಅವರು ದನಿ ತಗ್ಗಿಸಿದರು. "ಲೋಹದ್ದು ಯಾವುದೂ ಮೈಗೆ ತಾಗಬಾರ್ದಂತೆ ಕಣೇ. ಅಲ್ಲಿನ ಚಳೀಲಿ ಚರ್ಮಕ್ಕೆ ಅಂಟ್ಕೊಂಡು ಕಿತ್ತು ಬರುತ್ತಂತೆ."

ಅವರ ಕೈ ಎದೆಯ ಮೇಲಿತ್ತು. ಅಂಗಿಯೊಳಗೆ ಇಷ್ಟಲಿಂಗದ ಬೆಳ್ಳಿ ಕರಡಿಗೆ.

"ಅಜ್ಜಿಗೆ ಹೇಳ್ಬೇಡ ಕರಿಬಸಿ. ಲಿಂಗ ತೆಗೀಬೇಕು ಅಂತ ಕಿವಿಗೆ ಬಿದ್ರೆ ಮುಗೀತು. ಹೊಸ್ತಿಲು ದಾಟಕ್ಕೆ ಬಿಡಲ್ಲ."

ಅಜ್ಜಿ ಅಡುಗೆಮನೆಯಲ್ಲೇ ಇದ್ದಳು. ನಾನು ಒಂದು ಕೂಗು ಹಾಕಿದ್ದರೆ ಹಿಮನದಿಯೂ ಇಲ್ಲ, ದೊರೆಗಳೂ ಇಲ್ಲ. ಭಾವ ಇಲ್ಲೇ ಉಳಿಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು.

"ಅಜ್ಜೀ!" ಎಂದು ಕೂಗಿಯೇಬಿಟ್ಟೆ. ಭಾವನ ಮುಖ ಬಿಳಿಚಿಕೊಂಡಿತು.

"ಏನೇ?"

ಆ ಮುಖ ನೋಡಿ ನನ್ನ ನಾಲಿಗೆ ಬೇರೆ ಕಡೆ ಹೊರಳಿತು. ಒಲ್ಲದ ಮನಸ್ಸಿನಿಂದ ಇಲ್ಲೇ ಉಳಿದವರನ್ನು ಕಟ್ಟಿಕೊಂಡು ನಾನೇನು ಮಾಡಲಿ? "ಆ ಮೆತ್ತನೆ ಕಂಬಳಿ ಎಲ್ಲಿಟ್ಟಿದ್ದೀಯ?"

"ಅಟ್ಟದ ಮೇಲೈತೆ ನೋಡು."

ಭಾವ ಉಸಿರು ಬಿಟ್ಟರು.

"ಲೋಹದ್ದು ಕರಡಿಗೆ ತಾನೇ? ಲಿಂಗ ಯಾಕೆ ತೆಗೀಬೇಕು?" ಎಂದೆ. "ಬಟ್ಟೇಲಿ ಕಟ್ಕೊಳ್ಳೋರು ನಮ್ಮಲ್ಲಿ ಇಲ್ವಾ? ಉಣ್ಣೇದು ಒಂದು ಚೀಲ ಹೊಲಿದು ಕೊಡ್ತೀನಿ. ಬಿ.ಎ. ಓದಿದ ತಲೆಗೆ ಇಷ್ಟೂ ಹೊಳೀಲಿಲ್ವಾ?"

ಮರುದಿನ ಪೂಜೆ ಮುಗಿಸಿ ಲಿಂಗವನ್ನು ನಾನು ಹೊಲಿದ ಚೀಲದಲ್ಲಿಟ್ಟು ಕಟ್ಟಿಕೊಂಡು ಬಂದರು. ಖಾಲಿ ಕರಡಿಗೆಯನ್ನು ನನ್ನ ಮುಂದೆ ಹಿಡಿದರು.

"ನಾನು ಬರೋವರೆಗೂ ನಿನ್ನ ಹತ್ರ ಇರಲಿ."

"ನಾನು ನಿಮಗೆ ಯಾರು ಅಂತ ಇಟ್ಕೊಳ್ಳಲಿ?"

ಅವರು ಬಾಗಿಲು ನೋಡಿದರು, ಸೂರು ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಅಲ್ಲಿ ಮಂಜುಗಡ್ಡೆ ಬಾಯಿ ಬಿಟ್ಟಿರುತ್ತೆ ಕರಿಬಸಿ. ಬಿದ್ದೋರು ಸಿಕ್ಕಲ್ಲ. ನಿನ್ನನ್ನ ಕಟ್ಟಿಹಾಕಿ ಹೋಗಕ್ಕೆ ಮನಸ್ಸು ಬರಲಿಲ್ಲ. ಇಲ್ದಿದ್ರೆ ಮಾವನ ಹತ್ರ ಎಂದೋ ಕೇಳ್ತಿದ್ದೆ."

"ಬೀರೂರಿನ ಸೊಸೆಯಾದ್ರೆ ನಿಮಗೋಸ್ಕರ ಅಳಕ್ಕೂ ಅವರನ್ನ ಕೇಳ್ಬೇಕು ಭಾವ. ನೀವು ಬಂದ್ರೆ ನಗ್ತೀನಿ, ಬರದಿದ್ರೆ ಅಳ್ತೀನಿ. ಎರಡೂ ನನ್ನದಾಗಿರಲಿ. ಹೊರಡೋ ಮುಂಚೆ ನಮ್ಮ ನಿಶ್ಚಯದ ವೀಳ್ಯ ಆಗಲಿ."

ಭಾವ ಹೆಗಲ ವಸ್ತ್ರ ಸರಿಮಾಡಿಕೊಂಡು ಜಗಲಿಯ ಕಡೆ ನಡೆದರು. ಅಲ್ಲಿ ಅಪ್ಪ ಕಲ್ಲೇಶಪ್ಪನವರು ಕೊಬ್ಬರಿ ಆರಿಸುತ್ತ ಕೂತಿದ್ದರು.

"ಮಾವ, ಬೀರೂರಿನವರಿಗೆ ಬ್ಯಾಡ ಅಂತ ಹೇಳಿಕಳಿಸಿ."

ಇಂಥ ಹೊತ್ತಿನಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವುದು ವಾಡಿಕೆ. ನಾನು ಹೋಗಿ ಭಾವನ ಪಕ್ಕದಲ್ಲೇ ನಿಂತೆ.