ಆಂಬುಲೆನ್ಸ್ ಆಯಿಲಿನ ಬೂದು ಪುಡಿ

ಎಂಜಿನ್ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿದಾಗ ನುಣ್ಣನೆಯ ಬೂದು ಪುಡಿ ಉಳಿಯಿತು. ಗ್ಯಾರೇಜಿನ ಮೇಸ್ತ್ರಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಮರಳು! ನಾನು ಹೇಳ್ಲಿಲ್ವಾ? ಆ ಡ್ರೈವರ್ರೇ ನಮ್ಮಮ್ಮನ್ನ ಕೊಂದಿದ್ದು!"

ಹಿಂದಿನ ವಾರ ಮೇಸ್ತ್ರಿಯ ತಾಯಿಗೆ ಎದೆನೋವು ಬಂದಿತ್ತು. ಆಕೆಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸಿನ ಎಂಜಿನ್ ಸೇತುವೆಯ ಮೇಲೆ ಜಾಮ್ ಆಗಿ ನಿಂತಿತು. ಬೇರೆ ಗಾಡಿ ಸಿಗುವಷ್ಟರಲ್ಲಿ ಜೀವ ಹೋಗಿತ್ತು. ಅದಕ್ಕೆ ಸ್ವಲ್ಪ ದಿನ ಮುಂಚೆ ಆ ಎಂಜಿನ್ ಬಿಚ್ಚಿ ಕಟ್ಟಿದ್ದು ಇದೇ ಗ್ಯಾರೇಜು. ರಿಪೇರಿ ತಡವಾಯಿತೆಂದು ಅದರ ಡ್ರೈವರ್ ಜಗಳ ತೆಗೆದು, "ನಿನ್ನ ಹೆಸರು ಕೆಡಿಸದೆ ಬಿಡಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದ. ಈಗ ಎಂಜಿನ್ನಿಗೆ ಮರಳು ಹಾಕಿದ ಅನುಮಾನದ ಮೇಲೆ ಲಾಕಪ್ಪಿನಲ್ಲಿದ್ದಾನೆ. ಕೊಲೆ ಕೇಸು ಹಾಕಲು ಸಾಕ್ಷಿಯೊಂದು ಬಾಕಿ. ತಾಯಿಯನ್ನು ಕಳೆದುಕೊಂಡ ಮಗನನ್ನು ಯಾರು ತಾನೇ ಅನುಮಾನಿಸುತ್ತಾರೆ?

ಎಂಜಿನ್ ಪರೀಕ್ಷಿಸಲು ಪೊಲೀಸರು ಕರೆಸಿದ್ದು ವಾಹನ ತಜ್ಞರಾದ ನಮ್ಮ ಸಾಹೇಬರನ್ನು. ಜೇಬಿನಲ್ಲಿ ಸದಾ ಟಾರ್ಚ್ ಇಟ್ಟುಕೊಳ್ಳುವುದರಿಂದ ಎಲ್ಲರಿಗೂ ಅವರು ಟಾರ್ಚ್ ಸಾಹೇಬರು. ಫೋಟೋ ತೆಗೆಯುವುದು ನನ್ನ ಕೆಲಸ, ಅವರಿಂದ ಬೈಸಿಕೊಳ್ಳುವುದೂ.

"ಆಯಿಲ್ ಫಿಲ್ಟರ್ ಎಲ್ಲಿ?"

ಮೇಸ್ತ್ರಿಯ ತಂಗಿ ತಂದುಕೊಟ್ಟಳು. ಅವಳೂ ಅಲ್ಲಿನ ಮೆಕ್ಯಾನಿಕ್. ಸಾಹೇಬರು ಫಿಲ್ಟರ್ ಕತ್ತರಿಸಿದರು — ಹೆಚ್ಚುಕಮ್ಮಿ ಚೊಕ್ಕವಾಗಿತ್ತು! ಬೇರಿಂಗುಗಳಲ್ಲಿ ಮಾತ್ರ ಮೈತುಂಬ ಗೀರು, ಗೀರಿನೊಳಗೆ ಅದೇ ಬೂದು ಪುಡಿ. ಸಾಹೇಬರ ಟಾರ್ಚ್ ಎಂಜಿನ್ ಬ್ಲಾಕಿನ ಮೇಲೆ, ಆಯಿಲ್ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹಾಳೆ ಕೂರುವ ಅಲ್ಯೂಮಿನಿಯಂ ಮುಖದತ್ತ ತಿರುಗಿತು. ಅದು ಥಳಥಳ ಹೊಳೆಯುತ್ತಿತ್ತು.

"ಇಲ್ಲಿದ್ದ ಹಳೇ ಗ್ಯಾಸ್ಕೆಟ್ ತೆಗೆದೋರು ಯಾರು?"

"ನಾನೇ. ಒಂದು ಚೂರೂ ಉಳಿಸಿಲ್ಲ ನೋಡಿ."

"ಆ ಕೆಲಸ ನಿಮ್ಮ ತಂಗಿ ಮಾಡಲ್ವಾ?"

"ಅವಳು ಕೆಮಿಕಲ್ ಹಚ್ಚಿ, ನೆನೆಸಿ, ಪ್ಲಾಸ್ಟಿಕ್ ಪಟ್ಟಿಲಿ ಕೆರೀತಾ ಕೂತ್ರೆ ಮುಗಿದ ಹಾಗೇ! ಇದು ಆಂಬುಲೆನ್ಸು ಸರ್. ಅಮ್ಮನ ಹಾರ್ಟು ಸರಿಯಿಲ್ಲ, ಇವತ್ತಲ್ಲ ನಾಳೆ ಅಮ್ಮಾನೇ ಇದ್ರಲ್ಲಿ ಹೋಗ್ಬೇಕಾಗುತ್ತೆ ಅಂತ ನಾನೇ ಕೂತು ಮಾಡ್ದೆ. ಯಾಕೆ ಕೇಳ್ತಿದೀರಿ?"

ಸಾಹೇಬರು ಕೈ ತೊಳೆಯಲು ಹೊರಗಿನ ನಲ್ಲಿಯ ಹತ್ತಿರ ಹೋದರು, ಜೊತೆಗೆ ನಾನೂ. ತಂಗಿ ಹಿಂದೆಯೇ ಬಂದಳು.

"ನಿಮಗೆ ಗೊತ್ತಾಯ್ತಲ್ವಾ ಸರ್?"

"ನಿನಗೆ ಯಾವಾಗ ಗೊತ್ತಾಯ್ತಮ್ಮ?"

"ಗಾಡಿ ಕೆಟ್ಟು ನಿಂತ್ಮೇಲೆ ಎಂಜಿನ್ ಬಿಚ್ಚಿದಾಗ." ಅವಳು ನಲ್ಲಿ ನಿಲ್ಲಿಸಿದಳು. "ಅಣ್ಣಂಗೆ ಹೇಳ್ಬೇಡಿ. ಅಮ್ಮ ಹೋದಾಗಿಂದ ಊಟ ಇಲ್ಲ, ನಿದ್ದೆ ಇಲ್ಲ. ಆ ಡ್ರೈವರ್ ಮೇಲಿನ ಸಿಟ್ಟಲ್ಲೇ ಉಸಿರಾಡ್ತಿದಾನೆ. ಇದು ತಿಳಿದ್ರೆ ಅವನು ಉಳಿಯಲ್ಲ ಸರ್."

"ಆ ಡ್ರೈವರಿಗೂ ಮನೇಲಿ ಕಾಯೋರಿದಾರೆ."

ಇಬ್ಬರಲ್ಲಿ ಒಬ್ಬನನ್ನು ಉಳಿಸಬಹುದಿತ್ತು, ಇಬ್ಬರನ್ನೂ ಅಲ್ಲ. ನನಗಂತೂ ಕ್ಯಾಮೆರಾ ಅಲ್ಲೇ ಬಿಟ್ಟು ಎತ್ತಲಾದರೂ ಹೋಗಿಬಿಡೋಣವೆನಿಸಿತು.

ಒಳಗೆ ಸಾಹೇಬರು ಆ ಹೊಳೆಯುವ ಮುಖದ ಮೇಲೆ ಉಕ್ಕಿನ ನೇರಪಟ್ಟಿ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟರು. ಪಟ್ಟಿಯ ಕೆಳಗೆ ಅಲ್ಲಲ್ಲಿ ಬೆಳಕು ನುಸುಳಿತು.

"ಇದನ್ನ ಯಾವುದರಲ್ಲಿ ಉಜ್ಜಿದ್ರಿ ಮೇಸ್ತ್ರಿ?"

"ಮಿಷನ್ನಿಗೆ ಹಾಕೋ ಸ್ಯಾಂಡಿಂಗ್ ಡಿಸ್ಕಲ್ಲಿ, ಸ್ಯಾಂಡ್‌ಪೇಪರ್ ಥರದ್ದು. ಯಾಕೆ?"

"ಎಲ್ಲರೂ ಆಯಿಲಲ್ಲಿ ಕೊಳೆ ಹುಡುಕ್ತಾ ಇದ್ದೀವಿ. ಈ ಹೊಳಪನ್ನ ಯಾರೂ ನೋಡ್ಲಿಲ್ಲ. ಸುತ್ತು ಸುತ್ತಾದ ಗೀರು, ಮಧ್ಯೆ ತಗ್ಗು. ಅಲ್ಯೂಮಿನಿಯಂ ಮೆತ್ತಗಿರುತ್ತೆ, ಡಿಸ್ಕ್ ಅದನ್ನೂ ತಿನ್ನುತ್ತೆ, ತಾನೂ ಸವೆದು ಪುಡಿ ಉದುರಿಸುತ್ತೆ. ಇಲ್ಲಿ ತೂತುಗಳಿವೆಯಲ್ಲ, ಆಯಿಲ್ ಹೋಗೋ ದಾರಿ — ಪುಡಿ ಇದರೊಳಗೆ ಬಿದ್ದಿದೆ."

"ಅವನು ಹೊರಗಿಂದ ಮರಳು ಹಾಕಿರಬಾರದಾ?"

"ಹಾಕಿದ್ದರೆ ಮೊದಲು ಫಿಲ್ಟರ್ ಕಟ್ಟಿಕೊಳ್ತಿತ್ತು. ಇದು ಫಿಲ್ಟರ್ ದಾಟಿದ ಮೇಲಿನ ದಾರಿ. ಪುಡಿ ನೇರ ಬೇರಿಂಗಿಗೆ ಹೋಗಿದೆ. ಡ್ರೈವರ್ ಏನೂ ಮಾಡಿಲ್ಲ."

"ಮತ್ತೆ ಯಾರು—"

"ನೀವೇ, ಮೇಸ್ತ್ರಿ. ಬೇಕೂಂತ ಮಾಡಿದ್ದಲ್ಲ. ಆದರೆ ನೀವೇ."

ಅವನು ಅಳಲಿಲ್ಲ, ಕೂಗಾಡಲಿಲ್ಲ. ತಂಗಿಯ ಮುಖ ನೋಡಿದ.

"ನಿಂಗೆ ಗೊತ್ತಿತ್ತಾ?"

"ನಿನ್ನ ಮುಖ ನೋಡಿ ಹೇಳೋಕಾಗ್ಲಿಲ್ಲ ಅಣ್ಣ."

"ಆಸ್ಪತ್ರೆಯ ಆ ಇನ್ನೊಂದು ಆಂಬುಲೆನ್ಸು?" ಮೇಸ್ತ್ರಿ ಮಿಷನ್ನಿನತ್ತ ಕೈ ತೋರಿಸಿದ. "ನೀನು ಊರಲ್ಲಿಲ್ಲದಾಗ ಬಂದಿತ್ತು ಕಣೇ. ಅದನ್ನೂ ಇದೇ ಡಿಸ್ಕಲ್ಲಿ ಉಜ್ಜಿದೀನಿ."

ತಂಗಿಗೆ ಅದು ಗೊತ್ತಿರಲಿಲ್ಲ. ಅಣ್ಣನನ್ನು ಉಳಿಸಲು ಅವಳು ಬಾಯಿ ಮುಚ್ಚಿಕೊಂಡಿದ್ದ ದಿನಗಳಲ್ಲೆಲ್ಲ ಆ ಗಾಡಿ ರೋಗಿಗಳನ್ನು ಹೊತ್ತು ಓಡಾಡಿತ್ತು. ಅವಳು ಆಸ್ಪತ್ರೆಗೆ ಫೋನ್ ಹಚ್ಚಿದಳು.

"ಆಂಬುಲೆನ್ಸಾ? ಈಗ ತಾನೇ ಹೆರಿಗೆ ಕೇಸ್ ಕರ್ಕೊಂಡು ಬರ್ತಾ ಇದೆ," ಎಂದಿತು ಆ ಕಡೆಯ ಹೆಣ್ಣು ದನಿ.

ಮೇಸ್ತ್ರಿ ಫೋನ್ ಕಿತ್ತುಕೊಂಡ. "ನಿಲ್ಲಿಸೋಕೆ ಹೇಳಿ! ಎಲ್ಲಿದ್ರೂ ನಿಲ್ಲಿಸಿ, ಬೇರೆ ಗಾಡಿ ಕಳಿಸಿ!"

"ಬೇರೆ ಗಾಡಿ ಎಲ್ಲಿಂದ ತರಲಿ ಸರ್? ಇರೋದೇ ಎರಡು. ಒಂದು ನಿಮ್ಮ ಗ್ಯಾರೇಜಲ್ಲೇ ಬಿಚ್ಚಿಬಿದ್ದಿದೆಯಲ್ಲ."