ಒಂದು ಗ್ಯಾಲನ್ ಪೌರುಷ

ಡೆಟ್ರಾಯ್ಟಿನ ಅತಿ ವೇಗದ ಕಾರು ನನ್ನ ಬೆನ್ನು ಹತ್ತಿತ್ತು.

ನಾನು ಬ್ರೆಡ್ ವ್ಯಾನಿನಲ್ಲಿದ್ದೆ!

ನಗಬೇಡ. ಕನ್ನಡಿಯ ತುಂಬ ಕಿತ್ತಳೆ ಬಣ್ಣ. ಅದರ ನಡುವೆ ಚಿಪ್ ಬ್ರಾಡ್‌ವೆಲ್‌ನ ಬಿಳೀ ಹಲ್ಲು. ಪಕ್ಕದಲ್ಲಿ ಅವನ ಬಂಟ ಹಾರ್ಲನ್. ಹಾರ್ಲನ್ ಕೈಯಲ್ಲಿ ಪಿಸ್ತೂಲು.

ಢಂ!

ನನ್ನ ಹಿಂಬಾಗಿಲಿನ ಚಿಲಕ ಹಾರಿಹೋಯಿತು. ಒಳಗೆ ರೈ ಬ್ರೆಡ್ಡೊಂದು ವೀರಮರಣ ಹೊಂದಿತು.

"ನಿಲ್ಸೇ ಮುದುಕೀ...! ಆ ಕಾಗದ ಕೊಡೇ!"

ಮುದುಕಿ! ನನಗಿನ್ನೂ ನಲವತ್ತಾರು. ಆಕ್ಸಿಲರೇಟರನ್ನು ನೆಲಕ್ಕಂಟುವ ಹಾಗೆ ತುಳಿದೆ. ವ್ಯಾನು ಒಂದು ನಿಟ್ಟುಸಿರು ಬಿಟ್ಟಿತು, ಅಷ್ಟೇ.

ಯಾವ ಕಾಗದ ಅಂತೀಯಾ? ಹೇಳ್ತೀನಿ, ಕೇಳು.

ಅದು ಅರವತ್ತೊಂಬತ್ತನೇ ಇಸವಿ. ಊರಿನ ಗಂಡಸರಿಗೆಲ್ಲ ಒಂದೇ ಜ್ವರ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಇನ್ನೊಂದು ಕಾರು ಬಂದು ನಿಂತರೆ ಸಾಕು, ಮಕ್ಕಳ ತಂದೆಯರೂ ಗೂಳಿಗಳಾಗುತ್ತಿದ್ದರು. ಸಣ್ಣ ರೇಸಿಗೆ ಬಿಯರ್ ಪಣ. ದೊಡ್ಡ ರೇಸಿಗೆ ಕಾರೇ ಪಣ! ಇಬ್ಬರೂ ತಂತಮ್ಮ ಕಾರಿನ ಮಾಲೀಕತ್ವದ ಕಾಗದಕ್ಕೆ ಸಹಿ ಹಾಕಿ, ಹೊಸ ಮಾಲೀಕನ ಹೆಸರಿನ ಜಾಗ ಖಾಲಿ ಬಿಟ್ಟು, ನಡುವಿನವರ ಕೈಗೆ ಕೊಡಬೇಕು.

ನಡುವಿನವಳು ನಾನು. ಬ್ರೋನ್ಯಾ ವೊಯ್ತಾಸ್. ಹ್ಯಾಮ್‌ಟ್ರ್ಯಾಮ್ಕ್ ಪೇಟೆಯ ಬೇಕರಿಯವಳು. ಗಂಡಸರು ತಮ್ಮ ತಮ್ಮಲ್ಲಿ ಯಾರನ್ನೂ ನಂಬುವುದಿಲ್ಲ. ಬ್ರೆಡ್ ಕೊಡುವವಳನ್ನು ನಂಬುತ್ತಾರೆ.

ಗೆದ್ದವನಿಗೆ ರಸ್ತೆಯಲ್ಲೇ ಕಾಗದ ಕೊಟ್ಟರೆ ಅಲ್ಲೇ ಹೊಡೆದಾಟ. ಅದಕ್ಕೇ ಒಂದು ಪದ್ಧತಿ. ರೇಸು ಮುಗಿದ ಕೂಡಲೆ ನಾನೊಬ್ಬಳೇ ಹೊರಟು ಗೆನ್ಯಾಳ ಕಾಫಿ ಅಂಗಡಿಯಲ್ಲಿ ಕೂರಬೇಕು. ಗೆದ್ದವನು ಅಲ್ಲಿಗೆ ಬಂದು, ನನಗೊಂದು ಕಾಫಿ ಕೊಡಿಸಿ, ಕಾಗದ ತಗೊಂಡು ಹೋಗಬೇಕು. ಸಂಬಳ ಅಂದರೆ ಆ ಕಾಫಿಯೇ.

ಅವತ್ತು ಗೆದ್ದವನು ಎಜೆಲ್ ಪರ್ಡಿ. ಎರಕದ ಕಾರ್ಖಾನೆಯ ಕೆಲಸಗಾರ. ಅವನದು ಸಪ್ಪೆ ಮೋರೆಯ ಕಂದು ಪ್ಲಿಮತ್ ಕಾರು. ಪಾಳಿಗೆ ಹೋಗುವುದಕ್ಕೂ ಅದೇ, ಸಂತೆಗೂ ಅದೇ, ಭಾನುವಾರ ಅತ್ತೆಯನ್ನು ಚರ್ಚಿಗೆ ಕರೆದೊಯ್ಯುವುದಕ್ಕೂ ಅದೇ. ಸೋತವನು ಚಿಪ್. ಊರಾಚೆಯ ಬಂಗಲೆಯ ಹುಡುಗ, ಕಾರು ಮಾರುವ ಸಾಹುಕಾರನ ಮಗ. ಅವನ ಕಿತ್ತಳೆ ಕ್ಯಾಮರೊ ನಡೆದಾಡುವ ಗುಡುಗು.

ಈಗ ಎರಡೂ ಕಾಗದ ನನ್ನ ಕೋಟಿನೊಳಗಿತ್ತು. ಎರಡಕ್ಕೂ ಸಹಿ ಬಿದ್ದಿತ್ತು, ಹೆಸರು ಖಾಲಿ. ಯಾರ ಕೈಗೆ ಸಿಕ್ಕಿದರೆ ಎರಡು ಕಾರೂ ಅವರದೇ! ಚಿಪ್‌ಗೆ ಸಿಕ್ಕರೆ ಅವನ ಕಾರು ಉಳಿಯಿತು, ಎಜೆಲ್‌ನ ಕಾರೂ ಹೋಯಿತು, ಜೊತೆಗೆ ನನ್ನ ಮಾತಿನ ಬೆಲೆಯೂ ಹೋಯಿತು.

ಬೆಳಗ್ಗೆಯ ಮಾತುಕತೆ ನೀನು ಕೇಳಬೇಕಿತ್ತು. ಕಟ್ಟಿ ಮುಗಿಸಿಯೂ ಇನ್ನೂ ತೆರೆಯದ ಹೆದ್ದಾರಿ. ಭಾನುವಾರ, ಪೊಲೀಸರೆಲ್ಲ ಚರ್ಚಿನಲ್ಲಿ ಮಂಡಿಯೂರಿದ್ದ ಹೊತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಓಟ, ಅದಕ್ಕೆ ಗಂಟೆಗಟ್ಟಲೆ ಚೌಕಾಶಿ. ಮದುವೆ ಮಾತುಕತೆಯಲ್ಲೂ ಇಷ್ಟು ಎಳೆದಾಟ ನಾನು ಕಂಡಿಲ್ಲ.

"ಏನಪ್ಪಾ ಎಜೆಲ್, ಇದು ಕಾರೋ, ನಿಮ್ಮತ್ತೆ ಸೋಫಾನೋ?" ಚಿಪ್ ಶುರು ಮಾಡಿದ.

"ಅತ್ತೆ ಸೋಫಾ ಇದಕ್ಕಿಂತ ಜೋರು ಓಡುತ್ತೆ. ನಿಂಗೆ ಇದೇ ಸಾಕು ಅಂತ ತಂದೆ."

ಸುತ್ತ ನಿಂತವರು ನಕ್ಕರು. ಚಿಪ್‌ನ ಕಿವಿ ಕೆಂಪಾಯಿತು.

"ನನ್ ಗಾಡೀಲಿ ಏನೇನಿಲ್ಲ ಗೊತ್ತಾ? ಹಿಂದಿನ ಸೀಟಿಲ್ಲ. ಪಕ್ಕದ ಸೀಟಿಲ್ಲ. ಹೀಟರಿಲ್ಲ, ವೈಪರಿಲ್ಲ, ಬಂಪರಿಲ್ಲ. ಮೂತಿ ಪೂರ್ತಿ ಫೈಬರ್! ಒಂದು ವರ್ಷ ಕೂತು ಇಳಿಸಿದ ತೂಕ ಕಣೋ ಇದು!"

"ಬುದ್ಧಿ ಇಳಿಸೋಕೆ ಎಷ್ಟು ದಿನ ಹಿಡೀತು?" ಅಂದೆ.

"ನೀನು ಸುಮ್ನಿರಮ್ಮಾ. ಪೆಟ್ರೋಲೂ ಒಂದೇ ಗ್ಯಾಲನ್ ಹಾಕಿದೀನಿ. ಪೆಟ್ರೋಲಿಗೂ ತೂಕ ಇರುತ್ತೆ. ಬ್ರೆಡ್ ಮಾರೋರಿಗೆ ಇದೆಲ್ಲ ತಿಳಿಯಲ್ಲ."

ತಿಳಿಯಿತು. ಚೆನ್ನಾಗಿಯೇ ತಿಳಿಯಿತು.

ಎಜೆಲ್ ಹಳೇ ಕಾರಿನವನ ಹಕ್ಕು ಕೇಳಿದ. "ಎರಡು ಕಾರುದ್ದ ಮುಂದೆ ನಿಂತ್ಕೋತೀನಿ."

ಬುದ್ಧಿಯಿದ್ದವನು ಒಂದೇ ಅನ್ನುತ್ತಾನೆ. ಇನ್ನೂ ಬುದ್ಧಿಯಿದ್ದವನು ಊಹೂಂ ಅನ್ನುತ್ತಾನೆ. ಆದರೆ ಎದುರಿಗೆ ಚಾವಣಿಯಿಲ್ಲದ ಕಾರಿನಲ್ಲಿ ಮೂರು ಹುಡುಗಿಯರು ಕೂತಿದ್ದರು...

"ಮೂರು ತಗೋ ಹೋಗ್! ಭಿಕ್ಷೆ!"

ಎಜೆಲ್ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. "ಮೂರು! ಎಲ್ರೂ ಕೇಳಿಸ್ಕೊಂಡ್ರಲ್ಲಾ?" ಎಂದು ಕೂಗಿ ಮಾತು ಮುಗಿಸಿದೆ.

ಹೊಗೆ. ಚೀರಾಟ. ಮುಗಿಯಿತು!

ಎಜೆಲ್ ಅರ್ಧ ಕಾರಿನಷ್ಟು ಮುಂದಿದ್ದ. ಅಂದರೆ ಚಿಪ್ ಸೋತದ್ದು ಪ್ಲಿಮತ್ತಿಗಲ್ಲ, ತಾನೇ ಕೊಟ್ಟ ಭಿಕ್ಷೆಗೆ.

ಗೆದ್ದ ಪ್ಲಿಮತ್ತು ಇನ್ನೊಂದಿಷ್ಟು ದೂರ ಹೋಗಿ ಕೆಮ್ಮಿ ನಿಂತುಬಿಟ್ಟಿತು. ಎಜೆಲ್ ಕೂಡ ಟ್ಯಾಂಕು ಬರಿದು ಮಾಡಿಕೊಂಡೇ ಬಂದಿದ್ದ! ಅದೇ ಹುಚ್ಚರ ಸಂಘದ ಸದಸ್ಯ. ಅವನ ಭಾವಮೈದ ಕ್ಯಾನು ಹಿಡಿದು ಓಡಿದ. ನನಗೆ ಕಾವಲು ಬರುವವರು ಯಾರೂ ಇರಲಿಲ್ಲ. ಚಿಪ್‌ಗೆ ಕಂಡದ್ದೂ ಅಷ್ಟೇ... ಒಬ್ಬಳೇ ಹೆಂಗಸು, ಒಂದು ಬ್ರೆಡ್ ವ್ಯಾನು.

ಪೆಟ್ರೋಲು ತುಂಬಿಸಿಕೊಂಡು ಬರುವ ತಾಳ್ಮೆ ಸಾಹುಕಾರನ ಮಗನಿಗೆಲ್ಲಿ?

ಹೆದ್ದಾರಿ ಇಳಿಯುವಲ್ಲಿ ಕಿತ್ತಳೆ ಕಾರು ನನ್ನ ಪಕ್ಕಕ್ಕೆ ಬಂತು.

"ಅಳತೆ ಮೋಸ! ಮೂರಲ್ಲ, ನಾಲ್ಕು ಕಾರುದ್ದ ಇತ್ತು!"

"ಗೆನ್ಯಾ ಅಂಗಡಿಗೆ ಬಾ, ಮಾತಾಡೋಣ!"

"ಅಪ್ಪಂಗೆ ಗೊತ್ತಾದ್ರೆ ನನ್ನ ಮನೆಯಿಂದ ಆಚೆ ಹಾಕ್ತಾನೆ! ಕೊಡೇ!"

ಸರ್ರನೆ ಮುಂದೆ ನುಗ್ಗಿ ಅಡ್ಡ ಹಾಕಲು ನೋಡಿದ. ನಾನು ಸ್ಟೀರಿಂಗನ್ನು ಒಂದಿಷ್ಟೇ ತಿರುಗಿಸಿದೆ. ನನ್ನದು ಉಕ್ಕು. ಅವನದು ಫೈಬರ್.

ಕರ್ರ್...!

ಮೂತಿಯ ಒಂದು ಚೂರು ಚರಂಡಿಗೆ ಹಾರಿತು. ಚಿಪ್ ತನ್ನ ಮೂಗೇ ಮುರಿದ ಹಾಗೆ ಅರಚಿ ಹಿಂದಕ್ಕೆ ಸರಿದ.

ಬಲಕ್ಕೆ ತಿರುಗಿದೆ. ಹಾರ್ಲನ್ ಎಡಕ್ಕೆ ಜಾರಿದ. ಪಾಪ, ಅವನಿಗೆ ಸೀಟೆಲ್ಲಿದೆ? ಬರೀ ತಗಡಿನ ಮೇಲೆ ಕೂತಿದ್ದ. ಎಡಕ್ಕೆ ತಿರುಗಿದೆ. ಆಲೂಗಡ್ಡೆ ಚೀಲದ ಹಾಗೆ ಈಚೆ ಉರುಳಿದ. ಪಿಸ್ತೂಲು ಇನ್ನೊಮ್ಮೆ ಢಂ ಎಂದಿತು... ತೂತು ಬಿದ್ದದ್ದು ಅವರದೇ ಚಾವಣಿಗೆ!

"ನನ್ ಕಾರಿಗೇ ಹೊಡೀತೀಯೇನೋ, ಕತ್ತೇ!"

"ನೆಟ್ಟಗೆ ಓಡ್ಸಯ್ಯಾ ಮೊದ್ಲು!"

ಜೋಸೆಫ್ ಕ್ಯಾಂಪೋ ಬೀದಿಯ ತಿರುವು. ಚಿಲಕವಿಲ್ಲದ ನನ್ನ ಹಿಂಬಾಗಿಲು ತೆರೆದುಕೊಂಡಿತು. ಪೂಜೆ ಮುಗಿದ ಮೇಲೆ ಚರ್ಚಿನವರು ತಿನ್ನಲೆಂದು ಕರಿದ ಪೊಂಚ್ಕಿ, ಒಳಗೆ ಪ್ಲಮ್ ಜಾಮು, ಮೇಲೆ ಸಕ್ಕರೆ, ತಟ್ಟೆಗಟ್ಟಲೆ ಹೊರಗೆ ಜಾರಿತು.

ಪಚಕ್! ಪಚಕ್! ಪಚಕ್!

ಕ್ಯಾಮರೊದ ಗಾಜಿನ ತುಂಬ ಜಾಮು. ಒರೆಸಲು ವೈಪರಿಲ್ಲ. ಚಿಪ್ ಕಿಟಕಿಯಿಂದ ತಲೆ ಆಚೆ ಹಾಕಿ ಓಡಿಸತೊಡಗಿದ, ಹವಾ ಸೇವನೆಗೆ ಹೊರಟ ನಾಯಿಯ ಹಾಗೆ.

ಗೆನ್ಯಾ ಅಂಗಡಿಯ ಬಾಗಿಲಲ್ಲಿ ನಿಂತು ಕೈ ಬೀಸಿದಳು. ನಾನು ನಿಲ್ಲಿಸಲಿಲ್ಲ. ನಿಂತರೆ ಪಿಸ್ತೂಲು. ಅಂಗಡಿಯನ್ನೇ ಸುತ್ತು ಹಾಕಿದೆ. ಮತ್ತೊಂದು ಸುತ್ತು. ಅವನಿಗಿಂತ ಜೋರಾಗಿ ಓಡುವ ದರ್ದು ನನಗಿರಲಿಲ್ಲ. ಅವನು ಓಡುತ್ತಾ ಇದ್ದರೆ ಸಾಕಿತ್ತು!

ಒಂದು ಗ್ಯಾಲನ್. ಆ ರಾಕ್ಷಸ ಎಂಜಿನ್ನಿಗೆ ಅದು ಒಂದು ಗುಟುಕು.

ಸುತ್ತು ಬಿಟ್ಟು ನೇರ ನುಗ್ಗಿದೆ. ಮುಂದೆ ಗೇಟಿಲ್ಲದ ರೈಲ್ವೆ ಕ್ರಾಸಿಂಗು. ಗಂಟೆ ಹೊಡೆಯುತ್ತಿತ್ತು. ನಾನು ಧಡಧಡನೆ ದಾಟಿದೆ. ಕನ್ನಡಿ ನೋಡಿದೆ.

ಕಿತ್ತಳೆ ಕಾರು ಕೆಮ್ಮಿತು. ಬಿಕ್ಕಿತು. ನಿಂತಿತು.

ಸರಿಯಾಗಿ ಹಳಿಯ ಮೇಲೆ!

ತಿರುವಿನಾಚೆ ಗೂಡ್ಸು ಕೂಗಿತು. ಭಾನುವಾರ ದೇವರ ದಿನವಿರಬಹುದು, ಕಾರ್ಖಾನೆಗೆ ಕಬ್ಬಿಣ ಬರುವುದು ತಪ್ಪುವುದಿಲ್ಲ. ಚಿಪ್ ಕೀಲಿ ತಿರುಗಿಸಿದ, ತಿರುಗಿಸಿದ... ಹಾರ್ಲನ್ ಪಿಸ್ತೂಲು ಬಿಟ್ಟು ಹಾರಿ ಓಡಿದ. ಅವನ ಹಿಂದೆ ಚಿಪ್.

ನನಗೆ ನಗು ಬಂತು. ಆಮೇಲೆ ನೆನಪಾಯಿತು... ಆ ಕಾರು ಯಾರದು? ಚಿಪ್‌ನದಲ್ಲ. ಗೆರೆ ದಾಟಿದ ಕ್ಷಣದಿಂದ ಅದು ಎಜೆಲ್‌ದು. ಜೋಪಾನವಾಗಿ ಮುಟ್ಟಿಸಬೇಕಾದವಳು ನಾನು.

ಥೂ! ಒಂದು ಕಾಫಿಗೋಸ್ಕರ!

"ಗೇರು ತೆಗೆದಿದೀಯೇನೋ?" ಕೂಗಿದೆ.

"ತೆಗ್ದಿದೀನಿ! ನಿಂಗೆ ಹುಚ್ಚಾ? ಸಾಯ್ತೀಯ!"

ವ್ಯಾನನ್ನು ರಿವರ್ಸಿಗೆ ಹಾಕಿದೆ. ಅದರ ಹಿಂಭಾಗ ಕಾರಿನ ಮೂತಿಗೆ ಬಡಿಯಿತು. ಫೈಬರು ಪುಡಿಪುಡಿ. ತುಳಿದೆ. ಗೂಡ್ಸಿನ ದೀಪ ಕಿಟಕಿಯ ತುಂಬ ಬೆಳೆಯಿತು. ನೆಲ ನಡುಗಿತು. ಆ ಕಾರು ಹೋಯಿತು ನೋಡು... ಕೂಸಿನ ಗಾಡಿ ತಳ್ಳಿದ ಹಾಗೆ! ವರ್ಷವೆಲ್ಲ ಕೂತು ಇಳಿಸಿದ ತೂಕ ಕೊನೆಗೂ ಒಂದು ಉಪಕಾರಕ್ಕೆ ಬಂತು. ಕಾರು ಹಿಂದುಹಿಂದಕ್ಕೇ ಹಳಿ ದಾಟಿತು. ನಾನೂ ದಾಟಿದೆ.

ದಾಟಿದೆ ಅಂದೆನಲ್ಲ, ಪೂರ್ತಿ ಅಲ್ಲ. ನನ್ನ ಮುಂದಿನ ಬಂಪರನ್ನು ಗೂಡ್ಸು ಕಾರ್ಖಾನೆಗೆ ಒಯ್ದಿತು.

ಕೆಳಗಿಳಿದೆ. ಕಾರಿನೊಳಗಿಂದ ಪಿಸ್ತೂಲು ಎತ್ತಿಕೊಂಡು ಕೈ ಚಾಚಿದೆ.

"ಕೀಲಿ."

ಚಿಪ್ ಕೊಟ್ಟ. ಮುಖದ ಮೇಲೆ ಸಕ್ಕರೆ, ಹುಬ್ಬಿನಲ್ಲಿ ಪ್ಲಮ್ಮು.

"ಅಪ್ಪಂಗೆ ಏನಂತ ಹೇಳ್ಲಿ?"

"ಮೂರು ಕಾರುದ್ದ ದಾನ ಮಾಡ್ದೆ ಅಂತ ಹೇಳು. ಖುಷಿ ಪಡ್ತಾರೆ."

"ಮನೆಗೆ ಹೆಂಗ್ ಹೋಗ್ಲಿ?"

"ಬಸ್ ಬರುತ್ತೆ. ಕೂತ್ಕೊಳ್ಳೋಕೆ ಸೀಟೂ ಇರುತ್ತೆ. ಹಾರ್ಲನ್‌ಗೆ ಹೇಳು."

ಗೆನ್ಯಾಳ ಅಂಗಡಿಯಲ್ಲಿ ಎಜೆಲ್ ಟೋಪಿ ಕೈಯಲ್ಲಿ ಹಿಡಿದು ಕಾದಿದ್ದ. ವ್ಯಾನಿನ ಹಿಂದೆ ಹಗ್ಗದಲ್ಲಿ ಎಳೆದುಕೊಂಡು ಬಂದ ಕಾರನ್ನು ಸುತ್ತು ಹಾಕಿ ನೋಡಿದ. ಮುರಿದ ಮೂತಿ. ತೂತು ಚಾವಣಿ.

"ಮಿಸ್ ಬ್ರೋನ್ಯಾ... ಗಾಜಿನ ಮೇಲೇನಿದು?"

"ಪ್ಲಮ್."

ಬೆರಳಲ್ಲಿ ತೆಗೆದು ನೆಕ್ಕಿದ. "ಚೆನ್ನಾಗಿದೆ," ಅಂದ. ಕಾಗದ ಎರಡನ್ನೂ ತಗೊಂಡ. ಕಾಫಿ ಕೊಡಿಸಿದ. ಬಂಪರಿನ ವಿಷಯ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಆ ಕಾರು ಈಗಲೂ ಇದೆ. ಹೊಸ ಮೂತಿ, ಉಕ್ಕಿನದು. ಹೀಟರಿದೆ, ವೈಪರಿದೆ, ಹಿಂದೆ ಮೆತ್ತನೆಯ ಸೀಟಿದೆ. ಭಾನುವಾರ ಭಾನುವಾರ ಎಜೆಲ್‌ನ ಅತ್ತೆ ಮಿಸೆಸ್ ಓಡೆಸ್ಸಾ ಅದರಲ್ಲೇ ಚರ್ಚಿಗೆ ಹೋಗುತ್ತಾಳೆ. ಚಿಪ್ ವರ್ಷವೆಲ್ಲ ಬೆವರು ಸುರಿಸಿ ಇಳಿಸಿದ ತೂಕವನ್ನು ಆಕೆ ಒಂದೇ ಸಲ ಕೂತು ವಾಪಸ್ ಏರಿಸುತ್ತಾಳೆ!